ಚೀನಾ ಬಟ್ಟೆ, ದಾವಣಗೆರೆ ಹೊಲಿಗೆ: ಈ ಶರ್ಟು ಯಾವ ದೇಶದ್ದು?

ಪ್ರಶ್ನೆ: ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಗಾರ್ಮೆಂಟ್ ಯೂನಿಟ್ ಇದೆ. ಇಷ್ಟು ದಿನ ಬೆಂಗಳೂರಿನ ಪಾರ್ಟಿಗಳಿಗೆ ಜಾಬ್ ವರ್ಕ್ ಮಾಡಿಕೊಂಡಿದ್ದೆವು. ಈಗ ಮೊದಲ ಸಲ ಬ್ಯಾಂಕಾಕ್‌ನ ವ್ಯಾಪಾರಿಯೊಬ್ಬರು ನೇರವಾಗಿ 7,000 ಹೋಟೆಲ್ ಯೂನಿಫಾರ್ಮ್ ಶರ್ಟಿನ ಆರ್ಡರ್ ಕೊಟ್ಟಿದ್ದಾರೆ. ಬಟ್ಟೆ ಚೀನಾದ್ದು, ಅವರೇ ಹೇಳಿದ ಕ್ವಾಲಿಟಿ. ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದ 'ಫಾರ್ಮ್ ಎಐ' ಸರ್ಟಿಫಿಕೇಟ್ ಬೇಕು ಅನ್ನುತ್ತಾರೆ. ಜೊತೆಗೆ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ತೋರಿಸಿ, ಆಡಿಟ್‌ಗೆ ಜನ ಬರುತ್ತಾರೆ ಅಂತಲೂ ಬರೆದಿದ್ದಾರೆ. ಕಸ್ಟಮ್ಸ್‌ಗೂ ಸಂಬಳಕ್ಕೂ ಏನು ಸಂಬಂಧ? ನಮ್ಮಲ್ಲಿ 34 ಜನ ಇದ್ದಾರೆ, ರಿಜಿಸ್ಟರ್‌ನಲ್ಲಿ ಇರೋದು 18 ಜನ. ಉಳಿದವರಿಗೆ ವಾರದ ಲೆಕ್ಕದಲ್ಲಿ ಕೈಗೆ ಕೊಡುತ್ತೇವೆ. ಇಎಸ್‌ಐ ಇದೆ, ಪಿಎಫ್ ಇಲ್ಲ. ಗುಂಡಿ ಹಚ್ಚುವುದು, ದಾರ ಕತ್ತರಿಸುವುದನ್ನು ಪಕ್ಕದ ಓಣಿಯ ಹೆಣ್ಣುಮಕ್ಕಳು ಮನೆಗೆ ಒಯ್ದು ಮಾಡಿಕೊಡುತ್ತಾರೆ. ಕಳ್ಳತನದ ಭಯಕ್ಕೆ ಹಿಂದಿನ ಬಾಗಿಲಿಗೆ ಬೀಗ ಹಾಕಿರುತ್ತೇವೆ, ಅದನ್ನೂ ನೋಡ್ತಾರಾ? ಕಂಟೇನರ್ ಹೊರಡೋಕೆ 6 ವಾರ ಇದೆ.

ಉತ್ತರ: ನಿಮ್ಮ ಕಾಗದ ಓದಿ ಮೊದಲು ಖುಷಿಯಾಯಿತು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು. ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಹೊರಗಿನವರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ ಅಂತಾಗಿಬಿಟ್ಟಿದೆ. ಅಂಥ ಊರಿನ ಬಟ್ಟೆ ಮತ್ತೆ ಹಡಗು ಹತ್ತುತ್ತಿದೆ. ಆಮೇಲೆ 'ರಿಜಿಸ್ಟರ್‌ನಲ್ಲಿ ಇರೋದು 18 ಜನ' ಅನ್ನುವ ಸಾಲಿಗೆ ಬಂದೆ. ಖುಷಿ ಸ್ವಲ್ಪ ಇಳಿಯಿತು.

ಚುಟುಕಾಗಿ ಹೇಳಿಬಿಡುತ್ತೇನೆ. ಚೀನಾ ಬಟ್ಟೆಯಿಂದ ನಿಮಗೆ ತೊಂದರೆ ಇಲ್ಲ, ಶರ್ಟು ಭಾರತದ್ದೇ ಆಗುತ್ತೆ. ತೊಂದರೆ ಇರೋದು ಆ 18ರಲ್ಲಿ. ಹೇಗೆ ಅಂತ ನೋಡೋಣ.

ನಿಮ್ಮ ವ್ಯಾಪಾರಿ ಹೇಳುತ್ತಿರೋದು ಭಾರತ ಮತ್ತು ಆಸಿಯಾನ್ ದೇಶಗಳ ನಡುವಿನ ಸರಕು ವ್ಯಾಪಾರ ಒಪ್ಪಂದ. 2009ರ ಆಗಸ್ಟ್ 13ರಂದು ಬ್ಯಾಂಕಾಕ್‌ನಲ್ಲೇ ಸಹಿಯಾಯಿತು. 2010ರ ಜನವರಿ 1ರಿಂದ ಥಾಯ್ಲೆಂಡ್ ಜೊತೆ ಜಾರಿಯಲ್ಲಿದೆ. ಈ ಒಪ್ಪಂದದಲ್ಲಿ ಸುಂಕ ಕಡಿಮೆ ಆಗೋದು ಭಾರತದಿಂದ ಹೊರಟ ಮಾಲಿಗೆಲ್ಲ ಅಲ್ಲ, ಭಾರತದಲ್ಲಿ 'ಹುಟ್ಟಿದ' ಮಾಲಿಗೆ. ಆ ಹುಟ್ಟಿನ ಜಾತಕವೇ ಫಾರ್ಮ್ ಎಐ. ಸುಂಕ ಉಳಿಯೋದು ನಿಮಗಲ್ಲ, ಬ್ಯಾಂಕಾಕ್‌ನವರಿಗೆ. ಹಾಗಾಗಿ ಮೊದಲು ಅವರನ್ನೇ ಕೇಳಿ: ಈ ಶರ್ಟಿಗೆ ನಿಮ್ಮಲ್ಲಿ ಮಾಮೂಲಿ ಸುಂಕ ಎಷ್ಟು, ಒಪ್ಪಂದದ ಸುಂಕ ಎಷ್ಟು? ಇಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಒಪ್ಪಂದದಲ್ಲಿ ಸೂಕ್ಷ್ಮ ಪಟ್ಟಿ ಅಂತ ಒಂದಿದೆ, ಹೊರಗಿಟ್ಟ ಪಟ್ಟಿ ಅಂತ ಇನ್ನೊಂದಿದೆ. ಹೊರಗಿಟ್ಟ ಪಟ್ಟಿಯಲ್ಲಿರುವ ಮಾಲಿಗೆ ಸುಂಕ ಇಳಿಯಲ್ಲ, ಅದಕ್ಕೆ ಸರ್ಟಿಫಿಕೇಟ್ ತೆಗೆಸೋದು ಸುಮ್ನೆ ಓಡಾಟ. ಸಿಂಗಾಪುರದಲ್ಲಂತೂ ಬಟ್ಟೆಗೆ ಸುಂಕವೇ ಇಲ್ಲ. ಅಲ್ಲಿಗೆ ಕಳಿಸುವವರೂ ಅಭ್ಯಾಸಬಲದಿಂದ ಈ ಕಾಗದಕ್ಕೆ ಅಲೆದದ್ದನ್ನು ನೋಡಿದ್ದೇನೆ. ಸುಂಕದ ವ್ಯತ್ಯಾಸ ಎಷ್ಟು ಅಂತ ಗೊತ್ತಾದರೆ ರೇಟು ಮಾತಾಡುವಾಗ ನಿಮ್ಮ ಕೈಯೂ ಸ್ವಲ್ಪ ಮೇಲಿರುತ್ತೆ, ಅಲ್ವಾ?

ಈಗ ಹುಟ್ಟಿನ ಲೆಕ್ಕ. ಈ ಒಪ್ಪಂದದ ಸಾಮಾನ್ಯ ನಿಯಮಕ್ಕೆ ಎರಡು ಕಾಲು. ಒಂದು, ಎಫ್‌ಒಬಿ ಬೆಲೆಯಲ್ಲಿ (ಮಾಲು ಹಡಗು ಹತ್ತುವವರೆಗಿನ ಖರ್ಚೆಲ್ಲ ಸೇರಿದ ಬೆಲೆ) ಕನಿಷ್ಠ ಶೇ. 35 ಮೌಲ್ಯ ಇಲ್ಲಿನದಾಗಿರಬೇಕು. ಎರಡು, ಹೊರಗಿನಿಂದ ತಂದ ಸಾಮಗ್ರಿಯ ಎಚ್‌ಎಸ್ ಕೋಡಿಗೂ (ಕಸ್ಟಮ್ಸ್ ಲೆಕ್ಕದಲ್ಲಿ ಪ್ರತಿ ಮಾಲಿಗೂ ಇರುವ ಅಂಕಿ) ತಯಾರಾದ ಮಾಲಿನ ಕೋಡಿಗೂ 6 ಅಂಕಿಯ ಮಟ್ಟದಲ್ಲಿ ವ್ಯತ್ಯಾಸ ಇರಬೇಕು. ಎರಡೂ ಬೇಕು, ಒಂದಿದ್ದು ಇನ್ನೊಂದಿಲ್ಲ ಅಂದರೆ ನಡೆಯಲ್ಲ. ಕೊನೆಯ ತಯಾರಿ ನಮ್ಮ ದೇಶದಲ್ಲೇ ಆಗಿರಬೇಕು.

ಎರಡನೆಯದು ನಿಮಗೆ ಸುಲಭ. ಮೀಟರ್ ಲೆಕ್ಕದ ಬಟ್ಟೆ 52ನೇ ಅಧ್ಯಾಯದಲ್ಲೋ 55ನೇ ಅಧ್ಯಾಯದಲ್ಲೋ ಇರುತ್ತೆ. ಗುಂಡಿ 9606. ಗಂಡಸರ ಶರ್ಟು 6205. ಕತ್ತರಿಸಿ ಹೊಲಿದ ಮೇಲೆ ಕೋಡು ತಾನಾಗೇ ಬದಲಾಯಿತು. ಚೀನಾದಿಂದ ಹೊಲಿದ ಶರ್ಟನ್ನೇ ತರಿಸಿ, ಇಸ್ತ್ರಿ ಹೊಡೆದು, ನಿಮ್ಮ ಲೇಬಲ್ ಹಾಕಿ ಪ್ಯಾಕ್ ಮಾಡಿದರೆ ಮಾತ್ರ ಆಗಲ್ಲ. ಇಸ್ತ್ರಿ, ಲೇಬಲ್, ಪ್ಯಾಕಿಂಗ್ ಇವೆಲ್ಲ ಒಪ್ಪಂದದ ಕಣ್ಣಿಗೆ ಕೆಲಸವೇ ಅಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಮೌಲ್ಯದ ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ. ಅಂಕಿ ನನ್ನವು, ನಿಮ್ಮದನ್ನು ನೀವು ಹಾಕಿಕೊಳ್ಳಿ. ಒಂದು ಶರ್ಟಿನ ಎಫ್‌ಒಬಿ 420 ರೂಪಾಯಿ ಅಂತಿಟ್ಟುಕೊಳ್ಳಿ. ಚೀನಾ ಬಟ್ಟೆ 190. ಕಾಲರಿನ ಒಳಗೆ ಹಾಕುವ ಇಂಟರ್‌ಲೈನಿಂಗ್, ಗುಂಡಿ ಹೊರಗಿನವು, 18. ಇಲ್ಲೇ ಕೊಂಡ ದಾರ, ಲೇಬಲ್, ಪಾಲಿಬ್ಯಾಗ್, ಡಬ್ಬಿ ಸೇರಿ 34. ಕೂಲಿ 68. ಕರೆಂಟು, ಬಾಡಿಗೆ, ಮೆಷಿನ್ ಸವಕಳಿ 42. ಬಂದರಿನವರೆಗಿನ ಖರ್ಚು 18. ನಿಮ್ಮ ಲಾಭ 50. ಕೂಡಿಸಿದರೆ 420.

ಲೆಕ್ಕಕ್ಕೆ ಎರಡು ದಾರಿ ಇವೆ. ಇಲ್ಲಿನ ಸಾಮಗ್ರಿ, ಕೂಲಿ, ಖರ್ಚು, ಲಾಭ ಕೂಡಿಸುತ್ತಾ ಹೋಗೋದು ಒಂದು. ಹೊರಗಿನ ಸಾಮಗ್ರಿಯನ್ನು ಮಾತ್ರ ತೆಗೆದುಕೊಂಡು ಅದು ಶೇ. 65 ದಾಟಿಲ್ಲ ಅಂತ ತೋರಿಸೋದು ಇನ್ನೊಂದು. ಎರಡನೆಯದನ್ನೇ ಹಿಡಿಯಿರಿ, ತಲೆನೋವು ಕಡಿಮೆ. ನಮ್ಮ ಉದಾಹರಣೆಯಲ್ಲಿ ಹೊರಗಿನದು 190 ಮತ್ತು 18, ಅಂದರೆ 208. 420ಕ್ಕೆ ಶೇ. 49.5. ಪಾಸು.

ಆದರೆ ನಮ್ಮ ಕಡೆಯವರು ಎಡವೋದು ಆ 34 ರೂಪಾಯಿಯ ಸಣ್ಣ ಸಾಮಾನಿನಲ್ಲಿ. ಇಲ್ಲೇ ಅಂಗಡಿಯಲ್ಲಿ ಕೊಂಡಿದ್ದೇವೆ, ಆದ್ದರಿಂದ ಭಾರತದ್ದು ಅಂದುಕೊಂಡುಬಿಡುತ್ತಾರೆ. ಚಿಕ್ಕಪೇಟೆಯ ಬಿಲ್ಲು ತೆಗೆದು ನೋಡಿ. 'ದಾರ, 200 ಕೋನ್' ಅಂತಿರುತ್ತೆ. ಅದು ಎಲ್ಲಿ ತಯಾರಾಯಿತು ಅಂತ ಒಂದಕ್ಷರ ಇರಲ್ಲ. ಹುಟ್ಟು ಗೊತ್ತಿಲ್ಲದ ಸಾಮಗ್ರಿಯನ್ನು ಒಪ್ಪಂದ ಹೊರಗಿನದು ಅಂತಲೇ ಲೆಕ್ಕ ಹಾಕುತ್ತೆ. ನಾನಾದರೆ ಏನು ಮಾಡುತ್ತೇನೆ ಅಂದರೆ, ಅನುಮಾನ ಇರೋದನ್ನೆಲ್ಲ ಹೊರಗಿನದು ಅಂತ ಹಾಕಿ ಒಮ್ಮೆ ಲೆಕ್ಕ ಹೊಡೆಯುತ್ತೇನೆ. 208ಕ್ಕೆ 34 ಸೇರಿಸಿದರೆ 242. ಶೇ. 57.6. ಆಗಲೂ ಪಾಸಾಗುತ್ತೆ. ಇಷ್ಟಾದ ಮೇಲೆ ದಾರದಂಗಡಿಯವರ ಹತ್ತಿರ ಕಾಗದಕ್ಕಾಗಿ ಗೋಗರೆಯೋ ಕೆಲಸ ಇಲ್ಲ.

ಒಂದು ಎಚ್ಚರ. ಬ್ಯಾಂಕಾಕ್‌ನವರು ರೇಟಿಗೆ ಜಗ್ಗಾಡಿ 420ನ್ನು 370ಕ್ಕೆ ಇಳಿಸಿದರು ಅಂತಿಟ್ಟುಕೊಳ್ಳಿ. ಅದೇ 242 ಈಗ ಶೇ. 65.4 ಆಯಿತು. ಫೇಲು! ಬಟ್ಟೆ ಅದೇ, ಹೊಲಿಗೆ ಅದೇ, ಚೌಕಾಸಿಯಲ್ಲಿ ಶರ್ಟಿನ ದೇಶವೇ ಬದಲಾಗಿಹೋಯಿತು. ರೇಟು ಒಪ್ಪುವ ಮೊದಲು ಈ ಲೆಕ್ಕ ಮಾಡಿ, ಒಪ್ಪಿದ ಮೇಲೆ ಅಲ್ಲ. ಅಷ್ಟು ಇಳಿಯಲೇಬೇಕು ಅಂದರೆ ದಾರ, ಲೇಬಲ್ ಭಾರತದ್ದು ಅನ್ನುವುದಕ್ಕೆ ತಯಾರಕರಿಂದ ಬರೆಸಿಕೊಳ್ಳಬೇಕಾಗುತ್ತೆ. ಬಟ್ಟೆಯನ್ನು ನೀವೇ ಆಮದು ಮಾಡಿದ್ದರೆ ಸಿಐಎಫ್ ಬೆಲೆ (ವಿಮೆ, ಸಾಗಣೆ ಸೇರಿದ ಬೆಲೆ) ಹಾಕಿ. ಮುಂಬೈಯ ವ್ಯಾಪಾರಿಯಿಂದ ಕೊಂಡಿದ್ದರೆ ನೀವು ಕೊಟ್ಟ ಬೆಲೆ ಹಾಕಿ. ಮುಂದೊಂದು ಸಲ ವಿಯೆಟ್ನಾಂ ಅಥವಾ ಇಂಡೋನೇಷ್ಯಾದ ಬಟ್ಟೆ ಸಿಕ್ಕಿ, ಅದರ ಜೊತೆ ಅಲ್ಲಿನವರ ಫಾರ್ಮ್ ಎಐ ಬಂದರೆ ಆ ಬಟ್ಟೆ ನಮ್ಮದೇ ಲೆಕ್ಕಕ್ಕೆ ಬರುತ್ತೆ, ಅವರೂ ಇದೇ ಒಪ್ಪಂದದೊಳಗಿನವರು. ಆದರೆ ಕಡಿಮೆ ಸುಂಕದಲ್ಲಿ ಆ ಬಟ್ಟೆ ತರಿಸುವವರು ನೀವಾಗಿದ್ದರೆ, ಅದರ ಹುಟ್ಟಿನ ವಿವರ ನಿಮ್ಮ ಹತ್ತಿರವೇ ಇರಬೇಕು. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಕ್ಯಾರೋಟಾರ್ ಅನ್ನುವ ಆಮದು ಕಸ್ಟಮ್ಸ್ ನಿಯಮದ ಪ್ರಕಾರ ಆ ವಿವರವನ್ನು 5 ವರ್ಷ ಕಾಪಾಡಬೇಕು. 'ಸರ್ಟಿಫಿಕೇಟ್ ಅವರು ಕೊಟ್ಟಿದ್ದಾರೆ, ನನಗೇನು ಗೊತ್ತು' ಅನ್ನೋ ಹಾಗಿಲ್ಲ.

ಎಚ್‌ಎಸ್ ಕೋಡಿನ ಬಗ್ಗೆ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಹರಿಹರದ ಕಡೆಯ ಒಂದು ಯೂನಿಟ್‌ನ ಕಾಗದ ನಾನು ನೋಡುತ್ತಿದ್ದೆ. ಬಿಳಿ ಶರ್ಟು, ಮುಟ್ಟಿದರೆ ಕಾಟನ್ ಥರ. ಇನ್‌ವಾಯ್ಸ್‌ನಲ್ಲಿ 6205.20 ಬರೆಸಿದೆ, ಅಂದರೆ ಹತ್ತಿ ಶರ್ಟು. ಆದರೆ ಬಟ್ಟೆ 65 ಪಾಲಿಯೆಸ್ಟರ್, 35 ಕಾಟನ್. ಮಿಶ್ರ ಬಟ್ಟೆಯಲ್ಲಿ ತೂಕದಲ್ಲಿ ಯಾವ ನೂಲು ಜಾಸ್ತಿಯೋ ಅದರ ಕೋಡು. ಅಂದರೆ 6205.30 ಆಗಬೇಕಿತ್ತು. ಸರ್ಟಿಫಿಕೇಟಿನ ಅರ್ಜಿ ತುಂಬಿದ ಹುಡುಗ ಬಟ್ಟೆಯ ಬಿಲ್ಲು ನೋಡಿ ಸರಿಯಾಗೇ 6205.30 ಹಾಕಿದ. ಇನ್‌ವಾಯ್ಸ್ ಒಂದು, ಸರ್ಟಿಫಿಕೇಟ್ ಇನ್ನೊಂದು. ಆ ಕಡೆಯ ಬಂದರಿನಲ್ಲಿ ಕಂಟೇನರ್ ನಿಂತಿತು, ಖರೀದಿದಾರರು ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಂಡರು. ಮುಂದಿನ ಆರ್ಡರ್ ಬರಲಿಲ್ಲ. ತಪ್ಪು ಮಾಡಿದ್ದು ನಾನು, ಕಳೆದುಕೊಂಡಿದ್ದು ಆ ಯೂನಿಟ್‌ನವರು. ಹೋಟೆಲ್ ಯೂನಿಫಾರ್ಮ್ ಸಾಮಾನ್ಯವಾಗಿ ಮಿಶ್ರ ಬಟ್ಟೆಯೇ. ನಿಮ್ಮ ಬಟ್ಟೆಯ ಮಿಶ್ರಣದ ಟೆಸ್ಟ್ ರಿಪೋರ್ಟ್ ತರಿಸಿಕೊಳ್ಳಿ. ಆರ್ಡರಿನಲ್ಲಿ ಹೆಂಗಸರ ಶರ್ಟೂ ಇದ್ದರೆ ಅದು 6206, ಬೇರೆ ಸಾಲು.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, ಕಸ್ಟಮ್ಸ್‌ಗೂ ಸಂಬಳಕ್ಕೂ ಏನು ಸಂಬಂಧ?

ಒಪ್ಪಂದದ ಪುಟ ತಿರುವಿದರೆ ಸಂಬಂಧ ಇಲ್ಲ. ಆಸಿಯಾನ್ ಸರಕು ಒಪ್ಪಂದದಲ್ಲಿ ಕಾರ್ಮಿಕರ ಬಗ್ಗೆ ಅಧ್ಯಾಯವೇ ಇಲ್ಲ. ಆದರೆ ಫಾರ್ಮ್ ಎಐ ಮೇಲೆ ಥಾಯ್ಲೆಂಡ್ ಕಸ್ಟಮ್ಸ್‌ಗೆ ಅನುಮಾನ ಬಂದರೆ ಅದನ್ನು ಪರಿಶೀಲನೆಗೆ ವಾಪಸ್ ಕಳಿಸಬಹುದು. ಆಗ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯವರು ನಿಮ್ಮ ಯೂನಿಟ್ಟಿಗೆ ಬರುತ್ತಾರೆ. ಅವರು ಕೇಳೋದು ಒಂದೇ: ಈ ಶರ್ಟನ್ನು ನಿಜವಾಗಿ ನೀವು ಹೊಲಿದಿರಾ, ಇಲ್ಲ ಹೊಲಿದದ್ದನ್ನು ತರಿಸಿ ಲೇಬಲ್ ಹಾಕಿದಿರಾ? ಇದನ್ನು ಬಾಯಲ್ಲಿ ಹೇಳಿದರೆ ಆಗಲ್ಲ. ಮೆಷಿನ್ ಎಣಿಸುತ್ತಾರೆ. ಕರೆಂಟ್ ಬಿಲ್ ನೋಡುತ್ತಾರೆ. ಕಟಿಂಗ್ ಟೇಬಲ್‌ನ ಲೆಕ್ಕದ ಪುಸ್ತಕ ಕೇಳುತ್ತಾರೆ. ಕೊನೆಗೆ ಹಾಜರಿ ಮತ್ತು ಸಂಬಳ.

ಈಗ ನಿಮ್ಮ ರಿಜಿಸ್ಟರ್ ಅವರ ಮುಂದೆ ಇಡಿ. 7,000 ಶರ್ಟನ್ನು ಒಂದು ತಿಂಗಳಲ್ಲಿ ಹೊಲಿದಿರಿ ಅಂತಿಟ್ಟುಕೊಳ್ಳಿ, ಜನ 18. ನಮ್ಮ ಉದಾಹರಣೆಯಂತೆ ಶರ್ಟಿಗೆ 68 ರೂಪಾಯಿ ಕೂಲಿ ಅಂತ ಕಾಸ್ಟ್ ಶೀಟ್‌ನಲ್ಲಿ (ಖರ್ಚಿನ ಲೆಕ್ಕದ ಹಾಳೆ) ಬರೆದಿರುತ್ತೀರಿ, ಅಂದರೆ ತಿಂಗಳಿಗೆ 4,76,000. ಸರಾಸರಿ 14,000 ಸಂಬಳ ಅಂತಿಟ್ಟುಕೊಂಡರೆ ಅದು ಸರಿಯಾಗಿ 34 ಜನರ ಸಂಬಳ. ರಿಜಿಸ್ಟರ್ ಹೇಳೋದು 18 ಜನ, 2,52,000. ಶರ್ಟಿಗೆ 36 ರೂಪಾಯಿ. ಬಂದವರಿಗೆ ಟೈಲರಿಂಗ್ ಗೊತ್ತಿರಬೇಕು ಅಂತಿಲ್ಲ. ಕಟಿಂಗ್, ಇಸ್ತ್ರಿ, ಪ್ಯಾಕಿಂಗಿಗೆ ಜನ ಬಿಟ್ಟರೆ ಮೆಷಿನ್ ಮೇಲೆ ಕೂರೋಕೆ ಹತ್ತೋ ಹನ್ನೆರಡೋ ಜನ ಉಳಿಯುತ್ತಾರೆ. ಅಷ್ಟು ಜನ ಇಷ್ಟು ಹೊಲಿಯೋಕೆ ಆಗಲ್ಲ ಅಂತ ಯಾರಿಗಾದರೂ ಹೊಳೆಯುತ್ತೆ. ಹಾಗಾದರೆ ಉಳಿದ ಶರ್ಟು ಎಲ್ಲಿಂದ ಬಂತು? ಬಟ್ಟೆ ಚೀನಾದ್ದು ಅಂತ ಕಾಗದವೇ ಹೇಳುತ್ತಿದೆ. ಶರ್ಟೂ ಅಲ್ಲಿಂದಲೇ ಬಂದಿರಬಹುದು ಅಂತ ಅವರು ಯೋಚಿಸಿದರೆ ತಪ್ಪೇನು? ಬೆವರು ಸುರಿಸಿ ಹೊಲಿದವರು ನೀವೇ. ಆದರೆ ಆ 16 ಜನ ಕಾಗದದ ಮೇಲೆ ಹುಟ್ಟೇ ಇಲ್ಲ. 20 ಜನ ಆದರೆ ಪಿಎಫ್ ಕಟ್ಟಬೇಕು ಅಂತ 20ರ ಕೆಳಗೆ ನಿಲ್ಲಿಸಿದ ಲೆಕ್ಕ ನಿಮ್ಮ ಶರ್ಟಿನ ಊರನ್ನೇ ಕಿತ್ತುಕೊಳ್ಳುತ್ತೆ.

ಅದಕ್ಕೇ ನಾನು ಯಾರು ಕೇಳಿದರೂ ಹೇಳೋದು, ಹಾಜರಿ ಪುಸ್ತಕವೂ ಕಸ್ಟಮ್ಸ್ ಕಾಗದವೇ. ಅದನ್ನು ಬೇರೆ ಕಪಾಟಿನಲ್ಲಿ ಇಡಬೇಡಿ.

ಈಗ ಒಂದು ಆಸೆ ಹುಟ್ಟುತ್ತೆ, ನನಗೆ ಗೊತ್ತು. ಒಂದು ರಾತ್ರಿ ಕೂತು ಆರು ತಿಂಗಳ ಹೊಸ ರಿಜಿಸ್ಟರ್ ಬರೆದುಬಿಡೋಣ ಅಂತ. ದಯವಿಟ್ಟು ಬೇಡ. ಹಾಗೆ ಬರೆದ ಪುಸ್ತಕ ಒಂದನ್ನು ನಾನು ನೋಡಿದ್ದೇನೆ. ಆರು ತಿಂಗಳೂ ಒಂದೇ ನೀಲಿ ಪೆನ್ನು, ಒಂದೇ ಕೈ. ಹಾಳೆಯ ಅಂಚು ಒಂದೂ ಮಾಸಿಲ್ಲ. ದುಗ್ಗಮ್ಮನ ಜಾತ್ರೆಯ ದಿನವೂ ಎಲ್ಲರೂ ಹಾಜರ್! ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಆ ದಿನ ದಾವಣಗೆರೆಯಲ್ಲಿ ಯಾವ ಮನೆಯವರು ಮೆಷಿನ್ ಮೇಲೆ ಕೂರುತ್ತಾರೆ? ಹೊರಗಿನಿಂದ ಬಂದ ಆಡಿಟರ್‌ಗೆ ಜಾತ್ರೆ ಗೊತ್ತಿರಲಿಲ್ಲ. ಅವರ ಜೊತೆ ಬಂದಿದ್ದ ಅಸಿಸ್ಟೆಂಟ್ ಮಾತ್ರ ಇಲ್ಲೇ ಹೊಂಡದ ಸರ್ಕಲ್ ಕಡೆ ಹುಟ್ಟಿ ಬೆಳೆದವರು. ಅಷ್ಟೇ ಸಾಕಾಯಿತು. ಆಡಿಟರ್‌ಗಳು ಕಾರ್ಮಿಕರನ್ನು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ ಕೂಡ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹೇಳಿಕೊಟ್ಟ ಉತ್ತರ ಎರಡನೇ ಪ್ರಶ್ನೆಗೇ ತಡವರಿಸುತ್ತೆ.

ಬದಲಿಗೆ ಈ ತಿಂಗಳಿಂದ ಸರಿ ಮಾಡಿ. 34 ಜನರನ್ನೂ ಪುಸ್ತಕಕ್ಕೆ ತನ್ನಿ, ಸಂಬಳ ಬ್ಯಾಂಕಿಗೆ ಹಾಕಿ. 20 ಜನ ಆದ ಕೂಡಲೇ ಪಿಎಫ್ ಅನ್ವಯ. ನೀವು, ಅವರು ತಲಾ ಶೇ. 12. ಇಎಸ್‌ಐ ಹೇಗೂ ಇದೆ, ತಿಂಗಳಿಗೆ 21,000ದವರೆಗೆ ಸಂಬಳ ಇರುವ ಎಲ್ಲರನ್ನೂ ಅದಕ್ಕೆ ಸೇರಿಸಬೇಕು. ನಿಮ್ಮ ಪಾಲು ಶೇ. 3.25, ಅವರದು 0.75. ಹಳೇ ಬಾಕಿಗೆ ಪಿಎಫ್‌ನವರು ವರ್ಷಕ್ಕೆ ಶೇ. 12 ಬಡ್ಡಿ ಹಾಕುತ್ತಾರೆ, ದಂಡ ಬೇರೆ. ಒಬ್ಬ ಒಳ್ಳೆ ಪಿಎಫ್ ಕನ್ಸಲ್ಟೆಂಟ್ ಹಿಡಿದು, ನೀವಾಗೇ ಹೋಗಿ ಕಟ್ಟಿ. ಅವರು ಬಂದು ಹಿಡಿದರೆ ಆಗೋದಕ್ಕಿಂತ ಅಗ್ಗ. ಶರ್ಟಿಗೆ ಎಂಟೋ ಹತ್ತೋ ರೂಪಾಯಿ ಜಾಸ್ತಿ ಬೀಳಬಹುದು. ರೇಟು ಮಾತಾಡುವಾಗಲೇ ಅದನ್ನು ಸೇರಿಸಿ. ಖರೀದಿದಾರರೇ ಸಂಬಳದ ಪುಸ್ತಕ ಕೇಳಿದ್ದಾರೆ ಅಂದ ಮೇಲೆ ಆ ಖರ್ಚಿನ ಮಾತು ಎತ್ತೋಕೆ ಸಂಕೋಚ ಯಾಕೆ?

ಕಾನೂನಿನ ಕಡೆ ಒಂದು ದೊಡ್ಡ ಬದಲಾವಣೆ ಆಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಮಗೆ ತಟ್ಟೋದು ಇಷ್ಟು: ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಓಟಿಗೆ ಎರಡು ಪಟ್ಟು ದರ. ಪೀಸ್ ರೇಟ್ ಆದರೂ ದಿನದ ಲೆಕ್ಕ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು. ಕರೆಂಟ್ ಬಳಸುವ ಜಾಗದಲ್ಲಿ 20 ಜನ ಇದ್ದರೆ ಅದು ಫ್ಯಾಕ್ಟರಿ. ಇದಲ್ಲದೆ, 10 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಇದು 2013ರ ಕಾಯ್ದೆ. ಸಣ್ಣ ಯೂನಿಟ್‌ಗಳಲ್ಲಿ ಸಾಮಾನ್ಯವಾಗಿ ಮರೆಯೋದು ಇದನ್ನೇ, ಆಡಿಟರ್ ಕೇಳೋದೂ ಇದನ್ನೇ.

ಇದೆಲ್ಲ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 2020ರಲ್ಲಿ ಕರ್ನಾಟಕದ ಗಾರ್ಮೆಂಟ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಏರಬೇಕಿತ್ತು. ಕೋವಿಡ್ ಹೆಸರಲ್ಲಿ ಸರ್ಕಾರ ಮುಂದೂಡಿತು, ಆ ಮುಂದೂಡಿಕೆಗೆ ಹೈಕೋರ್ಟ್ ತಡೆ ಕೊಟ್ಟಿತು. ಆದರೂ ಸುಮಾರು ಫ್ಯಾಕ್ಟರಿಗಳು ಕೊಡಲಿಲ್ಲ. ಕೊನೆಗೆ ವಿದೇಶಿ ಬ್ರಾಂಡ್‌ಗಳ ಮೇಲೆ ಒತ್ತಡ ಬಂದು, ಅವರು ಇಲ್ಲಿನವರ ಮೇಲೆ ಒತ್ತಡ ಹಾಕಿದ ಮೇಲೆ ಬಾಕಿ ಹಣ ಹೊರಬಂತು. 4 ಲಕ್ಷಕ್ಕೂ ಜಾಸ್ತಿ ಜನರ ದುಡ್ಡು ಅದು.

ಮನೆಯಲ್ಲಿ ಗುಂಡಿ ಹಚ್ಚುವ ಹೆಣ್ಣುಮಕ್ಕಳ ವಿಷಯ. ಹಾಗೆ ಕೆಲಸ ಕೊಡೋದು ತಪ್ಪಲ್ಲ, ಮುಚ್ಚಿಡೋದು ತಪ್ಪು. ಖರೀದಿದಾರರಿಗೆ ಮೊದಲೇ ತಿಳಿಸಿ, ಒಪ್ಪಿಗೆ ತೆಗೆದುಕೊಳ್ಳಿ. ಕೆಲವು ಖರೀದಿದಾರರು ಮನೆಗೆ ಕೊಟ್ಟು ಮಾಡಿಸುವ ಕೆಲಸ ಬೇಡವೇ ಬೇಡ ಅನ್ನುತ್ತಾರೆ. ಅವರ ಭಯ ಮಕ್ಕಳದ್ದು. ಅಮ್ಮ ಅಡುಗೆ ಮಾಡುವಾಗ ಹತ್ತು ವರ್ಷದ ಮಗಳು ಕೂತು ನಾಲ್ಕು ಶರ್ಟಿಗೆ ಗುಂಡಿ ಹಚ್ಚಿದರೆ ಅದು ನಿಮ್ಮ ಕಾರ್ಖಾನೆಯ ಬಾಲ ಕಾರ್ಮಿಕತನವೇ. 14ರ ಕೆಳಗಿನವರು ಇಂಥ ಕೆಲಸ ಮಾಡುವಂತಿಲ್ಲ. ಇದನ್ನು ಮನೆಮನೆಗೆ ಹೋಗಿ ನೋಡೋಕೆ ನಿಮಗೆ ಆಗುತ್ತಾ? ನನ್ನ ಅಭಿಪ್ರಾಯ ಕೇಳಿದರೆ, ಈ ಆರ್ಡರ್‌ಗಾದರೂ ಆ ಹೆಣ್ಣುಮಕ್ಕಳನ್ನು ಯೂನಿಟ್ಟಿಗೇ ಕರೆಸಿ, ಮಧ್ಯಾಹ್ನ ಮೂರ್ನಾಲ್ಕು ತಾಸು. ಅವರ ಹೆಸರೂ ಪುಸ್ತಕಕ್ಕೆ ಬರಲಿ. ಆಗಲ್ಲ ಅಂದರೆ ಯಾರಿಗೆ ಎಷ್ಟು ಶರ್ಟು ಹೋಯಿತು, ಎಷ್ಟು ವಾಪಸ್ ಬಂತು, ಎಷ್ಟು ಕೊಟ್ಟಿರಿ ಅನ್ನುವ ಚೀಟಿ ಸಹಿ ಸಮೇತ ಇರಲಿ.

ಹಿಂದಿನ ಬಾಗಿಲಿನ ಬೀಗ. ಅದನ್ನು ನೋಡ್ತಾರಾ ಅಂತ ಕೇಳಿದ್ದೀರಿ. ಮೊದಲು ಅದನ್ನೇ ನೋಡುತ್ತಾರೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಒಂದು ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಹೇಗೆ ಹತ್ತಿತು ಅನ್ನೋದು ಬೇರೆ ಕೇಸು. ಜನ ಹೊರಗೆ ಬರಲಾಗದೆ ಸತ್ತಿದ್ದು ಬಾಗಿಲಿಗೆ ಬೀಗ, ಕಿಟಕಿಗೆ ಸರಳು ಇದ್ದದ್ದರಿಂದ. ಆ ಕಾರ್ಖಾನೆಗೆ ಕೆಲವೇ ವಾರದ ಹಿಂದೆ ಅಂತರರಾಷ್ಟ್ರೀಯ ಕಾರ್ಮಿಕ ಗುಣಮಟ್ಟದ ಸರ್ಟಿಫಿಕೇಟ್ ಸಿಕ್ಕಿತ್ತು! ಆಡಿಟ್ ಪಾಸಾದರೆ ಆಯಿತು ಅನ್ನುವವರಿಗೆ ನಾನು ಇದನ್ನೇ ಹೇಳೋದು. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಸಿಗುತ್ತೆ. ಅದಕ್ಕೊಂದು ಅಲಾರಾಂ ಜೋಡಿಸಿದರೆ ಕಳ್ಳನ ಭಯಕ್ಕೂ ಆಯಿತು.

ಆಸಿಯಾನ್ ಒಪ್ಪಂದದಲ್ಲಿ ಕಾರ್ಮಿಕರ ಮಾತಿಲ್ಲ ಅಂದೆ. ಎಲ್ಲ ಒಪ್ಪಂದವೂ ಹಾಗಿಲ್ಲ. ಅಮೆರಿಕ, ಮೆಕ್ಸಿಕೊ, ಕೆನಡಾ ಸೇರಿ 2020ರ ಜುಲೈ 1ರಿಂದ ಜಾರಿಗೆ ತಂದ ಒಪ್ಪಂದದಲ್ಲಿ ಸಂಬಳವೇ ಕಸ್ಟಮ್ಸ್ ನಿಯಮ. ಕಾರಿಗೆ ಸುಂಕ ವಿನಾಯಿತಿ ಬೇಕಾದರೆ ಅದರ ಮೌಲ್ಯದ ಶೇ. 40 ಭಾಗ ಗಂಟೆಗೆ ಸರಾಸರಿ ಕನಿಷ್ಠ 16 ಡಾಲರ್ ಸಂಬಳ ಇರುವ ಕಡೆ ತಯಾರಾಗಿರಬೇಕು. ಒಂದೇ ಕಾರ್ಖಾನೆಯ ಮೇಲೆ ದೂರು ಕೊಡುವ ಏರ್ಪಾಡೂ ಅದರಲ್ಲಿದೆ. ಮೆಕ್ಸಿಕೊದ ಸಿಲಾವೊದಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಯ ಯೂನಿಯನ್ ಮತದಾನದಲ್ಲಿ ಗೋಲ್‌ಮಾಲ್ ಆಯಿತು ಅಂತ 2021ರಲ್ಲಿ ಅಮೆರಿಕ ಅದನ್ನು ಮೊದಲ ಸಲ ಬಳಸಿತು. ಮತದಾನ ಮತ್ತೆ ನಡೆಯಿತು, ಕಾರ್ಮಿಕರು ಹಳೇ ಕರಾರನ್ನು ಕಿತ್ತೆಸೆದು ಹೊಸ ಯೂನಿಯನ್ ಆರಿಸಿಕೊಂಡರು. ನಮ್ಮ ಕಡೆಯೂ ಗಾಳಿ ತಿರುಗಿದೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಜೊತೆಗಿನ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಬ್ರಿಟನ್ ಜೊತೆಗಿನದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿದೆ. ಎರಡರಲ್ಲೂ ಕಾರ್ಮಿಕರ ವಿಷಯ ಇದೆ. ಬ್ಯಾಂಕಾಕ್ ಆರ್ಡರ್‌ಗೆ ಅದು ಬೇಕಿಲ್ಲ, ಮುಂದೆ ಲಂಡನ್‌ನಿಂದ ಫೋನ್ ಬಂದರೆ ಬೇಕಾಗುತ್ತೆ.

ಇನ್ನು 6 ವಾರದ ಲೆಕ್ಕ. ಐಇಸಿ (ಆಮದು-ರಫ್ತು ಮಾಡುವವರಿಗೆ ಬೇಕಾದ ಕೋಡ್) ಇಲ್ಲದಿದ್ದರೆ ಇವತ್ತೇ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ, 500 ರೂಪಾಯಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡೋಕೆ ಕೊಡುವ ಮುಚ್ಚಳಿಕೆ) ಕೊಡಿ, ಇಲ್ಲದಿದ್ದರೆ ಐಜಿಎಸ್‌ಟಿ ಕಟ್ಟಿ ರೀಫಂಡ್‌ಗೆ ಕಾಯಬೇಕು. ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ಹಣ ಬರುವ ಬ್ಯಾಂಕ್ ಶಾಖೆಯ ಗುರುತಿನ ಅಂಕಿ) ಪಡೆದು ಕಸ್ಟಮ್ಸ್‌ನಲ್ಲಿ ನೋಂದಾಯಿಸಿ. ಇಷ್ಟು ಮೊದಲ ವಾರ, ಇದನ್ನೆಲ್ಲ ನಿಮ್ಮ ಸಿಎ ಮಾಡಿಕೊಡುತ್ತಾರೆ. ಅದೇ ವಾರ 34 ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸಂಗ್ರಹಿಸಿ ಪಿಎಫ್ ನೋಂದಣಿ ಶುರು ಮಾಡಿ. ಬಟ್ಟೆ ಬಂದ ದಿನದಿಂದ ಕಟಿಂಗ್ ರಿಜಿಸ್ಟರ್ ಬರೆಯಿರಿ: ಯಾವ ಬಿಲ್ಲಿನ ಬಟ್ಟೆ, ಎಷ್ಟು ಮೀಟರ್ ಹಾಸಿದಿರಿ, ಎಷ್ಟು ಶರ್ಟಿನ ತುಂಡು ಬಂತು, ಚಿಂದಿ ಎಷ್ಟು. ಚಿಂದಿ ಮಾರಿದ ಬಿಲ್ಲನ್ನೂ ಎಸೆಯಬೇಡಿ. ಹೊಲಿದದ್ದು ಇಲ್ಲೇ ಅನ್ನುವುದಕ್ಕೆ ಚಿಂದಿಗಿಂತ ದೊಡ್ಡ ಸಾಕ್ಷಿ ಇಲ್ಲ. ಹೊಲಿದ ಶರ್ಟು ತರಿಸುವವರ ಹತ್ತಿರ ಚಿಂದಿ ಎಲ್ಲಿಂದ ಬರಬೇಕು?

ಫಾರ್ಮ್ ಎಐ ಅರ್ಜಿ ಡಿಜಿಎಫ್‌ಟಿಯ ಇ-ಸಿಒಒ (ಮೂಲ ದೇಶದ ಸರ್ಟಿಫಿಕೇಟಿನ) ಪೋರ್ಟಲ್‌ನಲ್ಲಿ ಹೋಗುತ್ತೆ, ಡಿಜಿಟಲ್ ಸಹಿ ಬೇಕು. ರಫ್ತು ತಪಾಸಣಾ ಮಂಡಳಿಯ ಏಜೆನ್ಸಿ ಅದನ್ನು ಕೊಡುತ್ತೆ. ಕಾಸ್ಟ್ ಶೀಟ್, ಬಟ್ಟೆಯ ಬಿಲ್ಲು ಮೊದಲೇ ಸಿದ್ಧ ಇರಲಿ. ಮೊದಲ ಸಲದವರಿಗೆ ಪ್ರಶ್ನೆ ಜಾಸ್ತಿ ಬರುತ್ತೆ, ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಹಡಗು ಹೊರಟ ಮೇಲೂ 12 ತಿಂಗಳೊಳಗೆ ತೆಗೆಸಬಹುದು, ಆದರೆ ತಡವಾಗಿ ಕೊಟ್ಟದ್ದು ಅನ್ನುವ ಮುದ್ರೆ ಬೀಳುತ್ತೆ. ಚೆನ್ನೈನಿಂದ ಹೊರಟ ಕಂಟೇನರ್ ಸಿಂಗಾಪುರದಲ್ಲೋ ಪೋರ್ಟ್ ಕ್ಲಾಂಗ್‌ನಲ್ಲೋ ಹಡಗು ಬದಲಾಯಿಸಿದರೆ ಪರವಾಗಿಲ್ಲ, ಆದರೆ ದಾವಣಗೆರೆಯ ಮಾಲು ಬ್ಯಾಂಕಾಕ್‌ಗೇ ಅಂತ ತೋರಿಸುವ ಥ್ರೂ ಬಿಲ್ ಆಫ್ ಲೇಡಿಂಗ್ (ಸಾಗಣೆ ಪತ್ರ) ಅನ್ನು ಫಾರ್ವರ್ಡರ್‌ನಿಂದ (ಸಾಗಣೆ ಏಜೆಂಟ್) ಕೇಳಿ ತೆಗೆದುಕೊಳ್ಳಿ. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಫಾರ್ಮ್ ಎಐ ಮೂರನ್ನೂ ಪಕ್ಕಪಕ್ಕ ಇಟ್ಟು ಕೋಡು, ಸಂಖ್ಯೆ, ತೂಕ ಬೆರಳಿಟ್ಟು ಓದಿ. ನಾನು ಹರಿಹರದವರಿಗೆ ಮಾಡದೇ ಬಿಟ್ಟದ್ದು ಅದನ್ನೇ.

ಕಾಗದ ಎಷ್ಟು ವರ್ಷ ಇಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜಿಎಸ್‌ಟಿಗೇ ವಾರ್ಷಿಕ ರಿಟರ್ನ್ ಕೊನೇ ದಿನದಿಂದ 72 ತಿಂಗಳು ಇಡಬೇಕು. ಹಾಜರಿ, ಸಂಬಳ, ಕಟಿಂಗ್ ಪುಸ್ತಕಗಳನ್ನೂ ಅದೇ ಗಂಟಿಗೆ ಕಟ್ಟಿ, ಆರ್ಡರ್ ನಂಬರ್ ಬರೆದು ಇಡಿ. ಪಿಎಫ್‌ಗೆ ಸ್ವಲ್ಪ ದಿನ ಹಿಡಿಯುತ್ತೆ, ಐಇಸಿಗೂ ಹಿಡಿಯಬಹುದು. ಆ ಬೀಗ ಮಾತ್ರ ನಾಳೆ ಬೆಳಗ್ಗೆ ಕೆಲಸ ಶುರುವಾಗುವ ಮೊದಲು ತೆಗೆಸಿ.